ಬಾಗಿಲಿಲ್ಲದ ಕಾರಿನಲ್ಲಿ ಹೆಣ್ಣು ನೋಡಲು ಹೋದದ್ದು

ಅವತ್ತು ಸಂಜೆ ಸಾಗರದ ಅಡಿಕೆ ಮಂಡಿಯೊಂದರಲ್ಲಿ, ದೊಡ್ಡ ತಕ್ಕಡಿಯ ಸುತ್ತ ನಾವು ನಾಲ್ವರು ನಿಂತಿದ್ದೆವು. ನಮ್ಮ ಅವ್ವ, ತೀರ್ಥಹಳ್ಳಿಯಿಂದ ಬಂದಿದ್ದ ಸೋದರಮಾವ, ನನ್ನ ಅಣ್ಣ, ಆಮೇಲೆ ನಾನು. ವ್ಯಾಪಾರ ಮುಗಿದಿತ್ತು. ಮನೆಗೆ ಹೊರಟಿದ್ದ ತೂಕದವನು ಅಣ್ಣನ ಮಾತು ಕೇಳಿ, ‘ನಿಮ್ಮನೆ ಕತೆಯೇ ಬೇರೆ ಬಿಡಿ’ ಎಂದು ನಗುತ್ತ ಹಿಂದಕ್ಕೆ ಬಂದು ನಿಂತಿದ್ದ. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಕಲ್ಲಿನ ಬದಲು ಕರಿ ಮೈಯ ಲಾರಿ ಬ್ಯಾಟರಿಯೊಂದು ಕೂತಿತ್ತು. ಇನ್ನೊಂದು ತಟ್ಟೆಯಲ್ಲಿ ನಮ್ಮ ಮನೆಯವರು ಒಬ್ಬೊಬ್ಬರಾಗಿ ಕೂರಬೇಕಿತ್ತು.

“ನಂಗೆ ಬ್ಯಾಡ ಕಣೋ. ನಾನೇನು ಅಡಿಕೆ ಮೂಟೆನಾ?” ಎಂದಳು ಅವ್ವ.

“ಒಂದ್ಸಲ ಕೂತ್ಕ ಅವ್ವಾ. ನಾಳೆ ಕಾರಲ್ಲಿ ಯಾರು ಬರೋದು ಅಂತ ಗೊತ್ತಾಗ್ಬೇಕಲ್ಲ,” ಎಂದ ಅಣ್ಣ.

ಅವ್ವ ದೇವರನ್ನು ನೆನೆದು, ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತಳು. ಬ್ಯಾಟರಿ ಮೇಲಕ್ಕೆ ಹೋಯಿತು, ಅವ್ವ ನೆಲಕ್ಕೆ ಬಂದಳು. ಅಣ್ಣ ಆ ಕಡೆಗೆ ಮೋಟರ್ ಬೈಕಿನ ಪುಟ್ಟ ಬ್ಯಾಟರಿಗಳನ್ನು ಒಂದೊಂದಾಗಿ ಏರಿಸುತ್ತ ಹೋದ. ಮುಳ್ಳು ನೆಟ್ಟಗಾದಾಗ ತೀರ್ಪು ಕೊಟ್ಟ: “ಅವ್ವ ಒಂದೂವರೆ ಬ್ಯಾಟರಿ.”

ಮುಂದೆ ಮಾವ. ಅವನು ಕೂತದ್ದೇ ತಡ, ತಕ್ಕಡಿಯ ಕಂಬ ಕಿರ್ರೆಂದಿತು. ಎರಡು ಲಾರಿ ಬ್ಯಾಟರಿ ಇಟ್ಟರೂ ಅವನು ನೆಲ ಬಿಡಲಿಲ್ಲ. “ಈಗಷ್ಟೇ ಉಂಡು ಬಂದಿದೀನಿ ಮಾರಾಯ, ಊಟದ ತೂಕ ಕಳ್ದು ಹೇಳು,” ಎಂದ. ತೂಕದವನು, “ಊಟ ಕಳೆದ್ರೆ ನಿಮ್ಮಲ್ಲಿ ಉಳಿಯೋದೆಂಥದು ಸ್ವಾಮಿ?” ಎಂದು ಕೇಳಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನಿಗೆ ಎರಡು ಬ್ಯಾಟರಿ ಮಾವ ಎಂದೇ ಹೆಸರಾಯಿತು.

ಕೊನೆಗೆ ನಾನು ಕೂತೆ. ಬ್ಯಾಟರಿ ಕೂತಲ್ಲಿಂದ ಅಲುಗಲಿಲ್ಲ. ನನ್ನ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. “ಒಂದು ಬ್ಯಾಟರಿಗೂ ಕಮ್ಮಿ!” ಎಂದು ಅಣ್ಣ ಕೂಗಿದ ರೀತಿಗೆ, ನಾನು ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲು ಬಂದೆನೇನೋ ಅನ್ನಿಸಬೇಕು. ಹುಟ್ಟಿದಾಗಿನಿಂದ ಕಡ್ಡಿ, ಸೊಳ್ಳೆ, ಗಾಳಿ ಬೀಸಿದರೆ ಹಾರಿಹೋಗ್ತಾಳೆ ಅಂತೆಲ್ಲ ಕೇಳಿಸಿಕೊಂಡವಳು ನಾನು. ನನ್ನ ಬಡಕಲು ಮೈ ಒಂದು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಈ ತೂಕದ ಸಂಭ್ರಮ ಯಾಕೆಂದು ಹೇಳಬೇಕಾದರೆ ಅಣ್ಣನ ಕಾರಿನ ಕತೆ ಹೇಳಬೇಕು.

ಅಣ್ಣನಿಗೆ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿ. ಲಾರಿಯವರ ಬ್ಯಾಟರಿಗೆ ಚಾರ್ಜ್ ಮಾಡಿಕೊಡುವುದು, ರೇಡಿಯೋ ರಿಪೇರಿ, ಇಂಥವು. ಶರಾವತಿಗೆ ಅಣೆಕಟ್ಟು ಕಟ್ಟಿ ಮುಗಿದಿದ್ದ ಕಾಲ ಅದು. ಕೆಲಸ ಮುಗಿದ ಮೇಲೆ ಗುಜರಿಗೆ ಬಂದ ರಾಶಿಯಲ್ಲಿ ಅಣ್ಣನಿಗೆ ಒಂದು ಮೋಟರು ಸಿಕ್ಕಿತು. ಸುರಂಗದೊಳಗೆ ಹಳಿಯ ಮೇಲೆ ಕಲ್ಲು ತುಂಬಿದ ಡಬ್ಬಿಗಳನ್ನು ಬ್ಯಾಟರಿಯ ಬಲದಲ್ಲಿ ಎಳೆಯುತ್ತಿದ್ದ ಮೋಟರಂತೆ ಅದು. ಅದೇ ಹೊತ್ತಿಗೆ ಯಾರದೋ ಕೊಟ್ಟಿಗೆಯಲ್ಲಿ ಎಂಜಿನ್ ಸತ್ತು, ಒಳಗೆ ಕೋಳಿ ಮೊಟ್ಟೆಯಿಡುತ್ತಿದ್ದ ಒಂದು ಪುಟ್ಟ ಕಾರೂ ಸಿಕ್ಕಿತು. ಎರಡನ್ನೂ ಕೂಡಿಸಿ ಪೆಟ್ರೋಲಿಲ್ಲದೆ ಓಡುವ ಕಾರು ಮಾಡುತ್ತೇನೆಂದು ಅಣ್ಣ ಕೂತ. ಕೋಳಿಯನ್ನು ಎಬ್ಬಿಸುವುದೇ ಮೊದಲ ಕಷ್ಟವಾಯಿತು ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಕಾರು ಓಡಿತು. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಎಲ್ಲಿವರೆಗೆ ಓಡುತ್ತದೆ ಎಂಬುದೇ ಪ್ರಶ್ನೆ. ಮೂರು ಬ್ಯಾಟರಿ ಹಾಕಿದರೆ ಕಾರು ಕರುವಿನ ಹಾಗೆ ನೆಗೆದು ಹೋಗುತ್ತಿತ್ತು, ಸಂತೆ ಮಾಳ ಮುಟ್ಟುವಷ್ಟರಲ್ಲಿ ಮಲಗುತ್ತಿತ್ತು. ಎಂಟು ಹಾಕಿದ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ, ಚಕ್ರ ಮಡ್‌ಗಾರ್ಡಿಗೆ ಉಜ್ಜಿ, ಏರು ಬಂದರೆ ಸಾಕು, ಬಸುರಿ ಎಮ್ಮೆಯಂತೆ ನಿಂತು ಉಸಿರು ಬಿಡುತ್ತಿತ್ತು. ಇದ್ದ ಶಕ್ತಿಯೆಲ್ಲ ಬ್ಯಾಟರಿ ತನ್ನನ್ನು ತಾನೇ ಹೊರುವುದಕ್ಕೆ ಖರ್ಚಾಗುತ್ತಿತ್ತು. ಹೊಸ ಬ್ಯಾಟರಿಗಾದರೆ ಅಷ್ಟೇ ಭಾರಕ್ಕೆ ಜಾಸ್ತಿ ದೂರ. ಆದರೆ ಅದನ್ನು ಕೊಳ್ಳುವ ಶಕ್ತಿ ಯಾರಿಗಿದೆ? ಲಾರಿಯವರು ಬಿಟ್ಟುಹೋದ ಹಳೆಯವು ಅಗ್ಗಕ್ಕೆ ಸಿಗುತ್ತಿದ್ದವು, ಅರ್ಧ ದಾರಿಗೇ ಕೈಯೆತ್ತುತ್ತಿದ್ದವು. “ಜೀವ ಇರೋ ಬ್ಯಾಟರಿಗೂ ಇಲ್ದಿರೋದಕ್ಕೂ ತೂಕ ಮಾತ್ರ ಒಂದೇ ನೋಡು, ಅದೇ ಮೋಸ,” ಎಂದು ಅಣ್ಣ ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದ. ಕೊನೆಗೆ ತನ್ನ ಸೈಕಲ್ ಮಾರಿ ಎರಡು ಹೊಸದು ಕೊಂಡ. ನಾಲ್ಕು ಹಳೆಯದರ ಜೊತೆ ಸೇರಿಸಿ ಒಟ್ಟು ಆರು. ಕಾರು ಮಾಡಲು ಹೋದವನು ಅಂಗಡಿಗೆ ನಡೆದುಕೊಂಡು ಹೋಗುವ ಹಾಗಾಯಿತು. ಊರವರಿಗೆ ಅದಕ್ಕಿಂತ ಒಳ್ಳೆಯ ತಮಾಷೆ ಬೇಕೇ?

ಈ ನಡುವೆ ಇಕ್ಕೇರಿಯಿಂದಾಚೆ, ಮಣ್ಣುದಾರಿ ಹಿಡಿದು ಹೋಗುವ ಒಂದು ಹಳ್ಳಿಯಿಂದ ಹುಡುಗಿಯೊಬ್ಬಳು ತಾಯಿಯ ಜೊತೆ ಅಂಗಡಿಗೆ ಬಂದಿದ್ದಳು. ಮನೆಯ ರೇಡಿಯೋಗೆ ಹಾಕುವ ಬ್ಯಾಟರಿಯನ್ನು ಚಾರ್ಜಿಗೆ ಕೊಡುತ್ತ, “ಇದು ಖಾಲಿಯಾದ್ಮೇಲೆ ಹಗುರ ಆಗ್ಬೇಕಿತ್ತಲ್ಲ, ಯಾಕೆ ಆಗಿಲ್ಲ? ತರೋವಾಗ ಕೈ ಸೋತೋಯ್ತು,” ಎಂದು ಕೇಳಿದಳಂತೆ. ಅಷ್ಟು ವರ್ಷದಲ್ಲಿ ಅಂಗಡಿಗೆ ಬಂದ ಯಾರೂ ಅಣ್ಣನಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಅವನು ಸಾಯಂಕಾಲ ಮನೆಗೆ ಬಂದು, ಕಾಲು ತೊಳೆಯುವುದಕ್ಕೆ ಮುಂಚೆಯೇ ಅವ್ವನಿಗೆ ಇದನ್ನು ಹೇಳಿದ. ಅವ್ವ ಮರುದಿನವೇ ತೀರ್ಥಹಳ್ಳಿಯ ಮಾವನಿಗೆ ಹೇಳಿ ಕಳಿಸಿದಳು.

ಮಾವ ಹೋಗಿ ಮಾತಾಡಿಕೊಂಡು ಬಂದ. ಬಂದವನು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು, ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ತೆಗೆದುಕೊಂಡ. ಹುಡುಗಿಯ ತಂದೆ ಆ ಹಳ್ಳಿಯ ದೊಡ್ಡ ಬೇಸಾಯಗಾರರು. ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಅವರಿಗೆ ಹೊಸನಗರದ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬನ ಕಡೆಯಿಂದಲೂ ಕೇಳಿಕೆ ಬಂದಿತ್ತು. ಸರ್ಕಾರಿ ಸಂಬಳದವನು. ಯಜಮಾನರು ಮಾವನಿಗೆ ಹೇಳಿದ್ದು ಇಷ್ಟು: “ನಿಮ್ಮ ಹುಡುಗ ಸೈಕಲ್ ಮಾರಿ ಆಟದ ಸಾಮಾನು ಕಟ್ಟಿದಾನಂತೆ. ಇರ್ಲಿ. ಆ ಗಾಡಿಲಿ ನಮ್ಮನೆಗೆ ಹೆಣ್ಣು ನೋಡಕ್ಕೆ ಬರ್ಲಿ, ಅದರಲ್ಲೇ ಅವತ್ತೇ ಸಾಗರ ಮುಟ್ಲಿ. ಎತ್ತು ಕಟ್ಬಾರ್ದು, ಜನ ನೂಕ್ಬಾರ್ದು. ಮುಟ್ಟಿದ್ರೆ ಹುಡುಗಿ ಕೊಡ್ತೀನಿ. ಇಲ್ಲಾಂದ್ರೆ ಹೊಸನಗರದೋರಿಗೆ ಹ್ಞೂಂ ಅಂತೀನಿ.”

ಅವ್ವ ಸಿಟ್ಟಾದಳು. “ಹುಡುಗನ್ನ ನೋಡ್ತಾರಾ, ಗಾಡಿ ನೋಡ್ತಾರಾ?” ಅಣ್ಣ ಮಾತ್ರ ಆಗಲೇ ಮನಸ್ಸಿನಲ್ಲಿ ದಾರಿ ಅಳೆಯುತ್ತಿದ್ದ. ಇಕ್ಕೇರಿಗೆ ಇಷ್ಟು, ಅಲ್ಲಿಂದಾಚೆಗೆ ಇಷ್ಟು, ಮತ್ತೆ ಅಷ್ಟೂ ವಾಪಸ್ಸು. ಆರು ಬ್ಯಾಟರಿಗೆ ಆಗುತ್ತದೆ, ಕಾರಲ್ಲಿ ಭಾರ ಇಲ್ಲದಿದ್ದರೆ.

ನಮ್ಮ ಕಡೆ ಇಂಥ ಕೆಲಸಕ್ಕೆ ಮೂರು ಜನ ಹೊರಡುವುದಿಲ್ಲ, ಹುಡುಗನೊಬ್ಬನೇ ಹೋಗುವುದೂ ಇಲ್ಲ. ನಾಲ್ಕು ಜನವನ್ನು ಕಾರು ಎಳೆಯದು. ಹಾಗಾಗಿ ಅಣ್ಣನ ಜೊತೆ ಹೋಗುವುದು ಒಬ್ಬರೇ, ಅದು ಯಾರಾಗಬೇಕು ಎಂಬುದನ್ನು ಮಂಡಿಯ ತಕ್ಕಡಿ ತೀರ್ಮಾನಿಸಿತು.

ರಾತ್ರಿಯಾಗುವುದರೊಳಗೆ ಅಣ್ಣ ಕಾರನ್ನು ಸುಲಿದಿಟ್ಟ. ಹಿಂದಿನ ಸೀಟು ಹೋಯಿತು, ಬಾನೆಟ್ ಹೋಯಿತು, ಸ್ಟೆಪ್ನಿ ಹೋಯಿತು. ನಾಲ್ಕು ಬಾಗಿಲೂ ಗೋಡೆಗೆ ಒರಗಿ ನಿಂತವು. ಹಾರನ್ನನ್ನೂ ಬಿಚ್ಚಿದ. “ಅಡ್ಡ ಬಂದೋರಿಗೆ ಇವಳು ಕೂಗ್ಲಿ, ಇವಳ ಬಾಯಿಗೆ ತೂಕ ಇಲ್ಲ,” ಎಂದ. ಮಾವ ಜಗಲಿಯಿಂದಲೇ ಸಲಹೆ ಕೊಟ್ಟ: “ಉಗುರು ಕತ್ತರಿಸ್ಕಂಡು ಹೋಗೋ, ಅದೂ ಭಾರನೇ.” ಅಣ್ಣ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ನಿಜವಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಹೆಣ್ಣು ನೋಡಲು ಹೋಗುವುದಕ್ಕಾಗಿ ಎಂದು ನಮಗೆ ಸಮಜಾಯಿಷಿ ಕೊಟ್ಟ.

ಬೆಳಿಗ್ಗೆ ಹೊರಟೆವು. ಹಲಸು ಮಾವಿನ ಕಾಲ, ದಾರಿ ಒಣಗಿ ಗಟ್ಟಿಯಾಗಿತ್ತು. ನಾನು ಬ್ಯಾಟರಿಯ ಆಸಿಡ್ ತಾಗಿ ತೂತಾದರೂ ಬೇಜಾರಿಲ್ಲದ ಒಂದು ಸೀರೆ ಉಟ್ಟು, ಒಳ್ಳೆಯ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅವ್ವ ತಲೆಗೆ ಮುಡಿಸಿದ ಮಲ್ಲಿಗೆಯನ್ನು ಅಣ್ಣ ಒಂದು ಕ್ಷಣ ನೋಡಿ, ಏನೋ ಹೇಳಹೊರಟು, ಅವ್ವನ ಕಣ್ಣು ನೋಡಿ ಕಾರು ಹೊರಡಿಸಿದ.

ಆ ಕಾರಿನಲ್ಲಿ ಹೋಗುವ ಸುಖವನ್ನು ಹೇಗೆ ಹೇಳಲಿ! ಸದ್ದೇ ಇಲ್ಲ. ಚಕ್ರದಡಿ ಒಣಗಿದೆಲೆ ಮುರಿಯುವುದು ಕೇಳುತ್ತಿತ್ತು, ಮರದ ಮೇಲಿನ ಹಕ್ಕಿ ಕೇಳುತ್ತಿತ್ತು, ಹೊಲದಲ್ಲಿ ಇಬ್ಬರು ಹೆಂಗಸರು ಮೂರನೆಯವಳ ಸೊಸೆಯ ವಿಚಾರ ಮಾತಾಡುತ್ತಿದ್ದುದೂ ಪೂರ್ತಿ ಕೇಳಿಸಿತು. ಬಾಗಿಲಿಲ್ಲದ್ದರಿಂದ ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು. ದನಗಳು ಮಾತ್ರ ಸದ್ದಿಲ್ಲದ ಗಾಡಿಗೆ ಜಾಗ ಬಿಡುವುದು ಕಲಿತಿರಲಿಲ್ಲ. ನಾನು ‘ಹೇಯ್, ಹೇಯ್’ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಇಳಿಜಾರು ಬಂದರೆ ಅಣ್ಣ ಸ್ವಿಚ್ಚಿನ ಹಿಡಿ ಹಿಂದಕ್ಕೆಳೆದು ಕಾರನ್ನು ತನ್ನಷ್ಟಕ್ಕೆ ಉರುಳಲು ಬಿಡುತ್ತಿದ್ದ. ನಿಲ್ಲಿಸಿ ಮತ್ತೆ ಹೊರಡುವಾಗಲೇ ಬ್ಯಾಟರಿ ಜಾಸ್ತಿ ಸವೆಯುವುದಂತೆ. ಅದಕ್ಕೆ ನಿಲ್ಲಿಸುವ ಮಾತೇ ಇಲ್ಲ.

ಇಕ್ಕೇರಿಗೆ ಮೊದಲು ದಾರಿ ಪಕ್ಕದ ತೋಟದ ಮನೆಯೊಂದರ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಅಡಿಕೆ ತೋಟದವರ ಮನೆಮಾತು ಅವರದು. “ಎಂತ ತಮಾ ಇದು? ಗಾಡಿಗೆ ಶಬ್ದವೇ ಇಲ್ಲೆ! ಆಸ್ರಿಗೆ ಕುಡ್ಕಂಡು ಹೋಗಿ,” ಎಂದು ಕೈಯೆತ್ತಿದರು. ಬಾಯಾರಿಕೆಗೆ ಏನಾದರೂ ಕುಡಿದು ಹೋಗಿ ಎಂಬ ಆ ಕರೆಗೆ ನಿಲ್ಲದೆ ಹೋಗುವುದು ನಮ್ಮ ಸೀಮೆಯಲ್ಲಿ ಸಣ್ಣ ತಪ್ಪಲ್ಲ. ಅಣ್ಣ ತಲೆ ಹೊರಗೆ ಹಾಕಿ, “ವಾಪಸ್ ಬರ್ತಾ ಕುಡೀತೀನಿ ಅಜ್ಜೀ, ನಿಲ್ಸಿದ್ರೆ ಮದುವೆ ತಪ್ತದೆ!” ಎಂದು ಕೂಗಿದ. ಅಜ್ಜಿಗೆ ಏನು ಅರ್ಥವಾಯಿತೋ, ಕೈ ಮುಗಿದು ಕಳಿಸಿದರು.

ಹುಡುಗಿಯ ಮನೆ ಮುಟ್ಟಿದಾಗ ಇಡೀ ಕೇರಿ ಅಂಗಳದಲ್ಲಿತ್ತು. ಯಜಮಾನರು ಮಾವನಷ್ಟೇ ದಪ್ಪ, ಮಾವನಿಗಿಂತ ಎತ್ತರ. ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಆರು ಬ್ಯಾಟರಿಗಳನ್ನು ನೋಡಿದರು.

“ಇಷ್ಟು ಭಾರ ಹೊತ್ಕಂಡು ತಿರುಗ್ಬೇಕಾ ಇದು?”

“ಹೌದು ಯಜಮಾನ್ರೆ. ದೂರ ಹೋಗ್ಬೇಕಂದ್ರೆ ಜಾಸ್ತಿ ಬೇಕು. ಜಾಸ್ತಿ ಹಾಕಿದ್ರೆ ಭಾರ, ಭಾರಕ್ಕೆ ಮತ್ತೆ ಜಾಸ್ತಿ ಬೇಕು.”

“ಹಂಗಾದ್ರೆ ನಮ್ಮ ಎತ್ತಿನ ಹುಲ್ಲಿನ ಹಂಗೇ!” ಎಂದು ಯಜಮಾನರು ತೊಡೆ ತಟ್ಟಿಕೊಂಡರು. “ಗಾಡಿ ಕಟ್ಕಂಡು ತೀರ್ಥಹಳ್ಳಿಗೆ ಹೋಗೋವಾಗ ದಾರಿಗೆ ಹುಲ್ಲು ಹೇರ್ಕಳ್ತಿದ್ವಿ. ಕಮ್ಮಿ ಹೇರಿದ್ರೆ ಎತ್ತು ಉಪವಾಸ, ಜಾಸ್ತಿ ಹೇರಿದ್ರೆ ಹುಲ್ಲೆಳೆದೇ ಸುಸ್ತು. ಆದ್ರೆ ನಮ್ಮ ಹುಲ್ಲು ತಿಂತಾ ತಿಂತಾ ಕಮ್ಮಿ ಆಗ್ತಿತ್ತಪ್ಪ.”

“ಇದು ಆಗಲ್ಲ. ಖಾಲಿ ಆದ್ರೂ ಅಷ್ಟೇ ಭಾರ.”

“ಥೋ! ಹಂಗಾದ್ರೆ ನಮ್ಮ ಎತ್ತೇ ವಾಸಿ.”

“ಎತ್ತು ನಿಂತಲ್ಲೂ ತಿಂತದೆ ಯಜಮಾನ್ರೆ, ಇದು ನಿಂತಾಗ ತಿನ್ನಲ್ಲ.”

ಯಜಮಾನರು ಅಣ್ಣನನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು.

ನಾನು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದೆ. ಕಡುಬು, ಕಾಯಿಹಾಲು, ಮಾವಿನಹಣ್ಣಿನ ಸೀಕರಣೆ ಆಯಿತು. ಹುಡುಗಿ ಕಾಫಿ ತಂದು ಅಣ್ಣನ ಮುಂದೆ ಇಟ್ಟಳು. ಕೇಳುವುದಿದ್ದರೆ ಕೇಳಿ ಎಂದು ಅವಳ ತಾಯಿ ಹೇಳಿದರು. ಅಣ್ಣ ಕಾಫಿಯನ್ನೇ ಊದುತ್ತ ಕೂತ. ಹುಡುಗಿಯೇ ಕೇಳಿದಳು: “ಇನ್ನೆಷ್ಟು ಉಳಿದದೆ?”

ಅಲ್ಲಿದ್ದವರಿಗೆ ಇದೆಂಥ ಪ್ರಶ್ನೆ ಎಂದು ತಿಳಿಯಲಿಲ್ಲ. ಅಣ್ಣನ ಮುಖ ಮಾತ್ರ ದೀಪ ಹಚ್ಚಿದಂತಾಯಿತು. ಎದ್ದು ಹೋಗಿ, ಆಸಿಡ್ ಅಳೆಯುವ ಗಾಜಿನ ಕೊಳವೆಯನ್ನು ಒಂದೊಂದೇ ಬ್ಯಾಟರಿಗೆ ಅದ್ದಿ ನೋಡಿ ಬಂದ. “ಅರ್ಧಕ್ಕಿಂತ ಸ್ವಲ್ಪ ಮೇಲೆ. ಬಂದ ಹಂಗೇ ಹೋದ್ರೆ ಮುಟ್ತದೆ,” ಎಂದು ಅವಳಿಗೇ ಹೇಳಿದ. ಅವಳು ತಲೆಯಾಡಿಸಿ ಒಳಗೆ ಹೋದಳು.

ಬಂದ ಹಾಗೇ ಹೋದರೆ! ಆದರೆ ನಮ್ಮ ಕಡೆ ನೆಂಟರು ಬಂದ ಹಾಗೆ ಹೋಗುವುದೆಲ್ಲಿ ಉಂಟು?

ಹೊರಡುತ್ತೇವೆ ಎನ್ನುವಷ್ಟರಲ್ಲಿ ಹುಡುಗಿಯ ತಾಯಿ ಎರಡು ಹಲಸಿನ ಹಣ್ಣು ಹೊರಿಸಿಕೊಂಡು ಬಂದರು. ಅದರ ಹಿಂದೆ ಒಂದು ಬಾಳೆಗೊನೆ ಬಂತು. ಜೋನಿಬೆಲ್ಲ ತುಂಬಿದ ತಗಡಿನ ಡಬ್ಬ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಹೆಡಿಗೆ ತುಂಬ ಸೌತೆಕಾಯಿ. ಪಕ್ಕದ ಮನೆಯಾಕೆ, ನಮ್ಮನೆಯಿಂದಲೂ ಇರಲಿ ಎಂದು ಒಂದು ಕುಂಬಳಕಾಯಿ ತಂದು ನಿಂತಳು. ಸೀಟು ಕಿತ್ತಿದ್ದ ಹಿಂಭಾಗ ನೋಡಿ, “ಸಾಮಾನಿಗೆ ಅಂತ ಎಷ್ಟು ಚೆನ್ನಾಗಿ ಜಾಗ ಮಾಡ್ಕಂಡು ಬಂದಿದಾರೆ ನೋಡಿ!” ಎಂದು ಎಲ್ಲರಿಗೂ ತೋರಿಸಿದಳು.

ನಾನು ಅಣ್ಣನನ್ನು ಬದಿಗೆ ಕರೆದೆ. “ಬೇಡ ಅನ್ನೋಣನಾ?”

ಅವನು ಹಲ್ಲು ಕಚ್ಚಿ ನಗುತ್ತಲೇ ಪಿಸುಗುಟ್ಟಿದ: “ಹೆಣ್ಣು ನೋಡಿದ ಮನೇಲಿ ಕೊಟ್ಟಿದ್ದು ಬಿಟ್ಟು ಹೋದ್ರೆ ಹುಡುಗಿ ಬೇಡ ಅಂದಂಗೆ. ಹುಡುಗಿ ಹೊಸನಗರಕ್ಕೆ. ತಗಂಡು ಹೋದ್ರೆ ಕಾರು ಏರಲ್ಲಿ ನಿಲ್ತದೆ. ಆಗ್ಲೂ ಹುಡುಗಿ ಹೊಸನಗರಕ್ಕೆ.”

ಇದು ಸಾಲದೆಂಬಂತೆ ಯಜಮಾನರು ಹೊದ್ದ ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದರು. “ನಾನೂ ಬರ್ತೀನಿ ಸಾಗರಕ್ಕೆ. ಮುಟ್ತೋ ಇಲ್ವೋ ಕಣ್ಣಾರೆ ನೋಡ್ಬೇಕಲ್ಲ. ಮುಟ್ಟಿದ್ರೆ ಕಡೇ ಬಸ್ಸಿಗೆ ಬರ್ತೀನಿ. ಬೇಗ ನಡ್ಕಂಡು ಬಂದ್ರೆ ಗಾಡಿ ದಾರಿಲೇ ನಿಲ್ತು ಅಂತ ತಿಳ್ಕಳಿ.” ಹೀಗೆ ಹೆಂಡತಿಗೆ ಹೇಳಿ, ಕಾರಿನ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಕಾರು ಆ ಕಡೆಗೆ ವಾಲಿತು.

ಅಣ್ಣ ನನ್ನ ಮುಖ ನೋಡಿದ. ಬಾಯಿ ಬಿಟ್ಟು ಕೇಳುವ ಧೈರ್ಯ ಅವನಿಗಿಲ್ಲ. ನಾನೇ ಜೋರಾಗಿ ಹೇಳಿದೆ: “ನಂಗೆ ಇವತ್ತು ಇಲ್ಲೇ ಉಳೀಬೇಕು ಅಂತ ಆಸೆ. ನಾಳೆ ಬಸ್ಸಿಗೆ ಬರ್ತೀನಿ ಕಣೋ.”

ಅಂಗಳದಲ್ಲಿದ್ದ ಹೆಂಗಸರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೊದಲ ದಿನವೇ ಮನೆಮಗಳನ್ನು ನಂಬಿ ಬಿಟ್ಟುಹೋಗುವ ಬೀಗರು! ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡು, ಆ ಖುಷಿಗೆ ಇನ್ನೊಂದು ಹಲಸಿನ ಹಣ್ಣು ಕಾರಿಗೆ ಹಾಕಿಸಿದರು. ನಾನು ಇಳಿದು ಉಳಿಸಿದ್ದೆಲ್ಲ ಅಲ್ಲಿಗೆ ನೀರಾಯಿತು.

ಕಾರು ಸದ್ದಿಲ್ಲದೆ ಅಂಗಳ ದಾಟಿ, ತಿರುವಿನಲ್ಲಿ ಮರೆಯಾಯಿತು.

ಅವತ್ತಿನ ಮಧ್ಯಾಹ್ನ ನಾನು, ಹುಡುಗಿ ಇಬ್ಬರೂ ಹಿತ್ತಲ ಕಟ್ಟೆಯಲ್ಲಿ ಕೂತು ಹಲಸಿನ ತೊಳೆ ಬಿಡಿಸಿದೆವು. ಕೈಗೆ ಎಣ್ಣೆ, ಬಾಯಿಗೆ ಮಾತು. ನಿಮ್ಮಣ್ಣನಿಗೆ ಸಿಟ್ಟು ಬರ್ತದಾ ಎಂದು ಕೇಳಿದಳು. ಹಳೇ ಬ್ಯಾಟರಿ ಕಂಡರೆ ಬರ್ತದೆ ಎಂದೆ. ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಕೈ ನಿಲ್ಲಿಸಿ, “ಗುಮಾಸ್ತರ ಕಡೆಯೋರು ಬಂದಾಗ ನಾನೇನೂ ಕೇಳ್ಲಿಲ್ಲ. ಕೇಳಕ್ಕೆ ಎಂಥದೂ ಹೊಳೀಲೇ ಇಲ್ಲ,” ಎಂದಳು. ಆಮೇಲೆ ಒಂದೊಂದು ತೊಳೆಗೂ ದಾರಿಯ ಕಡೆ ನೋಡುತ್ತಿದ್ದಳು. ಯಾರೂ ಬರದಷ್ಟೂ ಒಳ್ಳೆಯದು, ತಂದೆ ತಡವಾದಷ್ಟೂ ಒಳ್ಳೆಯದು. ಕಡೇ ಬಸ್ಸು ಬರುವುದು ದೀಪ ಹಚ್ಚುವ ಹೊತ್ತಿಗೆ.

ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಗದ್ದೆಯಾಚೆ ಯಾರೋ ನಡೆದುಕೊಂಡು ಬರುವುದು ಕಂಡಿತು. ಹೆಗಲ ಮೇಲೆ ವಲ್ಲಿ, ಆ ಎತ್ತರ, ಆ ನಡಿಗೆ. ಯಜಮಾನರೇ.

ಹುಡುಗಿ ಎದ್ದು ಒಳಗೆ ಹೋದಳು. ಏರು ಹತ್ತಲಿಲ್ಲ ಎಂದುಕೊಂಡೆ. ಆ ಮೂರನೆಯ ಹಲಸಿನಹಣ್ಣನ್ನು ಮನಸ್ಸಿನಲ್ಲೇ ಶಪಿಸಿದೆ.

ಯಜಮಾನರು ಬಂದು ಜಗಲಿಯ ಮೇಲೆ ಧಪ್ಪನೆ ಕೂತರು. ಮೈಯೆಲ್ಲ ಧೂಳು. ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಎಲ್ಲಿ ನಿಲ್ತು?” ಎಂದರು ಮೆಲ್ಲಗೆ.

“ಎಲ್ಲಿ ನಿಲ್ತು ಅಂದ್ರೆ? ಕೇಳೇ ಇಲ್ಲಿ. ಇಕ್ಕೇರಿವರೆಗೆ ಎಂಥ ಹೋಯ್ತು ಅಂತೀಯ, ತೊಟ್ಟಿಲಲ್ಲಿ ಕೂತಂಗೆ! ಆಮೇಲೆ ಏರು ಬಂತು. ಎತ್ತಿನ ನಡಿಗೆ ಆಯ್ತು. ಆಮೇಲೆ ಇರುವೆ ನಡಿಗೆ. ನಾ ಇಳೀತೀನಿ ಅಂದೆ. ‘ಗಾಡಿ ಹತ್ತಿದ ಹಿರಿಯೋರನ್ನ ದಾರಿಲಿ ಇಳ್ಸೋದುಂಟಾ, ಕೂತ್ಕಳಿ’ ಅಂದ. ಹಂಗಾದ್ರೆ ಹಣ್ಣಾದ್ರೂ ಇಳ್ಸು ಮಾರಾಯ ಅಂದೆ. ‘ಅಮ್ಮ ಕೊಟ್ಟಿದ್ದು, ಮನೆಗೆ ಮುಟ್ಬೇಕು’ ಅಂದ. ಒಂದು ಬ್ಯಾಟರಿ ಇಳ್ಸು ಅಂದೆ. ‘ಅದಿಳ್ಸಿದ್ರೆ ಎಳೆಯೋರ್ಯಾರು?’ ಅಂದ. ಮತ್ತೆ ಇಳ್ಸೋದೆಂಥದೋ ಅಂದ್ರೆ, ಅವನೇ ಇಳಿದ್ಬಿಟ್ಟ!”

“ಇಳಿದ್ರೆ ಗಾಡಿ ಬಿಡೋರು?”

“ಅವನೇ! ಬಾಗ್ಲೇ ಇಲ್ವಲ್ಲ ಅದಕ್ಕೆ. ಪಕ್ಕದಲ್ಲಿ ನಡೀತಾ, ಒಂದು ಕೈ ಒಳಗೆ ಹಾಕಿ ಸ್ಟೇರಿಂಗ್ ಹಿಡ್ಕಂಡ. ಗಾಡಿ ತನ್ನಷ್ಟಕ್ಕೆ ಹೊರಡ್ತು. ನಾನು ಒಳಗೆ ಮಹಾರಾಜನ ಹಂಗೆ ಕೂತಿದೀನಿ, ತೊಡೆ ಮೇಲೆ ಉಪ್ಪಿನಕಾಯಿ ಭರಣಿ! ದಾರಿಲಿ ಒಬ್ಬ ಕೇಳ್ತಾನೆ, ‘ಯಜಮಾನ್ರೆ, ಹೊಸ ಗಾಡಿಯಾ? ಒಂದೇ ಎತ್ತು ಸಾಕಾ?’ ಅಂತ. ಒಬ್ಬರು ಅಜ್ಜಿ, ಬೆಳಿಗ್ಗೆ ನಿಲ್ದೇ ಹೋದ್ನಂತೆ ಇವನು, ಮಜ್ಜಿಗೆ ಚೆಂಬು ಹಿಡ್ಕಂಡು ನಮ್ಮ ಪಕ್ಕ ನಡ್ಕಂಡೇ ಬಂದ್ರು. ಗಾಡಿ ನಿಲ್ಲಿಲ್ಲ, ಮಜ್ಜಿಗೆನೂ ಬಿಡ್ಲಿಲ್ಲ. ಇವನು ಕುಡ್ದು, ನಂಗೂ ಕುಡ್ಸಿ ಕಳಿಸಿದ್ರು.”

“ನೂಕಿದ್ರಾ?” ಹೆಂಡತಿಗೆ ಷರತ್ತಿನದೇ ಚಿಂತೆ.

“ಯಾರೂ ನೂಕ್ಲಿಲ್ಲ. ಇಳುಕಲಲ್ಲಿ ಓಡಿ ಹತ್ತೋನು, ಏರಲ್ಲಿ ಮತ್ತೆ ಇಳಿಯೋನು.”

“ಸಾಗರ ಮುಟ್ತಾ, ಅದ್ಹೇಳಿ!”

“ಅವನ ಅಂಗಡಿ ಬಾಗ್ಲಿಗೇ ಮುಟ್ತು. ಮುಟ್ಟಿ ನಿಂತಿದ್ದು, ಆಮೇಲೆ ಒಂದು ಮೊಳ ಅಲ್ಲಾಡ್ಲಿಲ್ಲ. ಇವನ ಕಾಲು ನೋಡ್ಬೇಕಿತ್ತು, ಕೆಂಪು ಧೂಳಲ್ಲಿ ಬಣ್ಣ ಹಚ್ಚಿದಂಗೆ. ಆದ್ರೂ ಹಣ್ಣು ಎಲ್ಲಾ ಎಣಿಸಿ ಇಳಿಸಿ, ನಂಗೆ ಕುರ್ಚಿ ಕೊಟ್ಟು, ಆಮೇಲೆ ಕೂತ.”

“ಮತ್ತೆ ಇಷ್ಟು ಬೇಗ ನಡ್ಕಂಡು ಬಂದ್ರಲ್ಲ! ನಮ್ಮ ಜೀವ ಹೋಗಿತ್ತು ಇಲ್ಲಿ.”

“ಬಸ್ಸಿಗೆ ಕಾಯ್ತಾ ಕೂರಕ್ಕಾಗ್ತದಾ? ಹೇಳ್ಬೇಕಿತ್ತಲ್ಲ! ಇಕ್ಕೇರಿ ಕಡೆ ಹೊರಟ ಒಂದು ಲಾರಿ ಸಿಗ್ತು, ಅಲ್ಲಿವರೆಗೆ ಬಂದೆ. ಆ ಕಡೆಯಿಂದ ನಡಿಗೆ.” ವಲ್ಲಿಯಿಂದ ಮುಖ ಒರೆಸಿಕೊಂಡರು. “ಗಾಡಿ ವಿಚಾರ ನಂಗೊತ್ತಿಲ್ಲ. ಅದು ಎತ್ತಿಗಿಂತ ವಾಸಿ ಅಂತ ಈಗ್ಲೂ ಒಪ್ಪಲ್ಲ. ಆದ್ರೆ ಭಾರ ಜಾಸ್ತಿ ಆದಾಗ ಈ ಹುಡುಗ ಇಳ್ಸಿದ್ದು ತನ್ನೊಬ್ಬನ್ನ. ಹೊಸನಗರದೋರಿಗೆ ನಾಳೆ ಹೇಳಿ ಕಳಿಸ್ಬೇಕು, ಹುಡುಗಿ ಮದುವೆ ಗೊತ್ತಾಗಿದೆ ಅಂತ.”

ಒಳಗೆ ಬಾಗಿಲ ಹಿಂದೆ ಪಾತ್ರೆಯೊಂದು ಕೈ ಜಾರಿ ಬಿದ್ದು ಉರುಳಿತು. ಯಜಮಾನರ ಹೆಂಡತಿ ನನ್ನ ಕಡೆ ನೋಡಿ ನಕ್ಕು, ದೀಪಕ್ಕೆ ಎಣ್ಣೆ ತರಲು ಹೋದರು.

ಮಳೆಗಾಲಕ್ಕೆ ಮುಂಚೆಯೇ ಮದುವೆಯಾಯಿತು. ದಿಬ್ಬಣ ಬಸ್ಸಿನಲ್ಲೇ ಹೋಯಿತು. ಎರಡು ಬ್ಯಾಟರಿ ಮಾವ ಹಿಂದಿನ ಸೀಟು ತುಂಬ ಕೂತಿದ್ದ. ಆದರೆ ಮೊದಲ ಸಲ ತವರಿಗೆ ಹೋಗುವಾಗ ಅತ್ತಿಗೆ ಬಸ್ಸು ಬೇಡವೆಂದಳು. ಅಷ್ಟು ಹೊತ್ತಿಗೆ ಇಕ್ಕೇರಿಯ ಹತ್ತಿರದ ಅಕ್ಕಿ ಗಿರಣಿಯೊಂದಕ್ಕೆ ಕರೆಂಟು ಬಂದಿತ್ತು. ಅಣ್ಣ ಅಂಗಡಿಯ ಚಾರ್ಜರನ್ನು ಮೊದಲೇ ಬಸ್ಸಿನ ಟಾಪಿನ ಮೇಲೆ ಹಾಕಿ ಗಿರಣಿಗೆ ಕಳಿಸಿದ. ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹೊರಟರು, ಅವ್ವ ಕಟ್ಟಿಕೊಟ್ಟ ಬುತ್ತಿ, ಕೊಬ್ಬರಿ, ಒಂದು ಮೂಟೆ ಅವಲಕ್ಕಿ ಎಲ್ಲವನ್ನೂ ಹೇರಿಕೊಂಡು. ಮಧ್ಯಾಹ್ನ ಗಿರಣಿ ಮುಟ್ಟಿ ಬ್ಯಾಟರಿಗೆ ತಂತಿ ಸಿಕ್ಕಿಸಿದರು. ಅದು ತುಂಬಲು ಮರುದಿನ ಬೆಳಗಾಗಬೇಕು. ಗಿರಣಿಯವರು ಬಿಡಲಿಲ್ಲ, ಹೋಳಿಗೆ ಮಾಡಿದರು. ಅತ್ತಿಗೆ ಆ ಮನೆಯವರ ಜೊತೆ ಅಕ್ಕಿ ಆರಿಸುತ್ತ ಸಂಜೆ ಕಳೆದಳು, ಅಣ್ಣ ಗಿರಣಿಯ ಮೋಟರಿನ ಹತ್ತಿರ ಕೂತ. ಮರುದಿನ ಬಿಸಿಲೇರುವ ಮೊದಲೇ ಹೊರಟು, ತವರಿನ ಅಂಗಳಕ್ಕೆ ಹೋಗಿ ನಿಂತರು. ಆ ಕೊನೆಯ ಏರಿನಲ್ಲಿ ಅತ್ತಿಗೆ ಸ್ಟೇರಿಂಗ್ ಹಿಡಿದಿದ್ದಳು, ಅಣ್ಣ ಪಕ್ಕದಲ್ಲಿ ನಡೆಯುತ್ತಿದ್ದ.